ಎಡಗೈ ಎತ್ತಿದವಳು

ಕ್ರಿಂಗುರೆನಿ, ರೊಮೇನಿಯಾ
12 ಅಕ್ಟೋಬರ್ 2013

ಪ್ರೀತಿಯ ಆಗ್ಲಾಯಾ ಮೇಡಂ,

ಕಾಫಿ ಪುಡಿ, ಆಲಿವ್ ಎಣ್ಣೆ ಎರಡೂ ಕೈಸೇರಿದವು. ಪಿಂತಿಲಿಯೆ ಎಂದಿನಂತೆ ಸಂತೆ ಬಯಲಲ್ಲಿ ಇಟಲಿಯಿಂದ ಬಂದ ವ್ಯಾನು ನಿಲ್ಲಿಸಿಕೊಂಡು ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ನನ್ನ ಪೊಟ್ಟಣ ಕೊಡುತ್ತಾ, "ಇಟಲಿ ಮೇಷ್ಟ್ರಮ್ಮ ಕಳ್ಸಿದಾರೆ, ಒಳಗೆ ಬಾಟ್ಲಿ ಇದೆ, ಕುಣಿಸ್ಬೇಡಿ" ಎಂದ. ನೀವು ಇ-ಮೇಲ್ ನೋಡುವುದಿಲ್ಲ ಎಂದಿರಿ. ಆದ್ದರಿಂದ ಇನ್ನು ಮುಂದೆ ಅವನೇ ನಮ್ಮ ಅಂಚೆಯವನು.

ನಮ್ಮ ಪ್ರಯೋಗಾಲಯಕ್ಕೆ ಪ್ರೊಜೆಕ್ಟರ್ ಬಂದಿದೆ. ನೀವು ಇಪ್ಪತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದು ನಿಂತಿದ್ದ ಕಪ್ಪುಹಲಗೆಯ ಮುಂದೆ ಈಗ ಬಿಳಿ ಪರದೆ ಇಳಿಬಿದ್ದಿದೆ. ಶಾಲೆಯ ಡೈರೆಕ್ಟರ್ ತುದೋಸೆ ದಿನಕ್ಕೆರಡು ಸಲ ಬಂದು ಅದನ್ನು ಹಸು ಕೊಂಡವರ ಹಾಗೆ ಸುತ್ತಿ ನೋಡಿ ಹೋಗುತ್ತಾರೆ. ಮೇ ತಿಂಗಳಲ್ಲಿ ನನ್ನ ಬಡ್ತಿಗೆ ಬೇಕಾದ ಮೊದಲ ದರ್ಜೆಯ ತಪಾಸಣೆ ಇದೆ. ಜಿಲ್ಲೆಯಿಂದ ಇನ್‌ಸ್ಪೆಕ್ಟರ್ ಝಂಫಿರಾಕೆ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಏಳನೇ ತರಗತಿಗೆ ಹೃದಯದ ಪಾಠ ಆರಿಸಿಕೊಂಡಿದ್ದೇನೆ. ನಲವತ್ತಾರು ಸ್ಲೈಡು ಮಾಡಿದ್ದೇನೆ, ಪಠ್ಯಪುಸ್ತಕದ ಒಂದು ಸಾಲೂ ಬಿಟ್ಟಿಲ್ಲ. ಸಾಲುಗಳು ಒಂದೊಂದಾಗಿ ಹಾರಿ ಬಂದು ಕೂರುತ್ತವೆ, ಕೊನೆಯಲ್ಲಿ ಚಪ್ಪಾಳೆಯ ಸದ್ದು ಬರುತ್ತದೆ.

ಮಕ್ಕಳು ಸೂಜಿ ಬಿದ್ದರೂ ಕೇಳಿಸುವಷ್ಟು ಸುಮ್ಮನೆ ಕೂರುತ್ತಾರೆ. ಆದರೆ ಕಳೆದ ವಾರ ಸಣ್ಣ ಪರೀಕ್ಷೆ ಕೊಟ್ಟೆ. ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಜನ ಖಾಲಿ ಹಾಳೆ ಕೊಟ್ಟರು. ಎಲ್ಲಿ ಎಡವುತ್ತಿದ್ದೇನೆ, ಮೇಡಂ? ನಿಮ್ಮ ಜೊತೆ ಎರಡು ವರ್ಷ ಆ ಕೋಣೆಯಲ್ಲಿ ಇದ್ದೆ. ಆಗ ನಿಮ್ಮ ಪಾಠ ಕೂತು ನೋಡುವ ಬದಲು ಪಕ್ಕದಲ್ಲಿ ನನ್ನ ಕಡತ ತುಂಬುತ್ತಿದ್ದೆ. ಈಗ ಅದಕ್ಕೆ ಪಶ್ಚಾತ್ತಾಪವಾಗುತ್ತಿದೆ.

ನಿಮ್ಮ ಕೈಗೆ ಮುತ್ತಿಡುವ,
ಸ್ಮರಂದಾ


ಪಾದುವಾ, ಇಟಲಿ
27 ಅಕ್ಟೋಬರ್ 2013

ಸ್ಮರಂದಾ ಮರಿ,

ಇಂದು ಭಾನುವಾರ, ಮಧ್ಯಾಹ್ನ ನನಗೆ ಮೂರು ಗಂಟೆ ಬಿಡುವು. ವ್ಯಾನುಗಳು ನಿಲ್ಲುವ ಪಾರ್ಕಿನ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಇಲ್ಲಿ ನೋಟರಿಯೊಬ್ಬರ ಮೊಮ್ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆಂದು ನಿನಗೆ ಗೊತ್ತೇ ಇದೆ. ಮಕ್ಕಳು ಒಳ್ಳೆಯವರು. ಅವರ ವಿಷಯ ಇಷ್ಟು ಸಾಕು.

ನಿನ್ನ ನಲವತ್ತಾರು ಸ್ಲೈಡಿನ ಸುದ್ದಿ ಓದಿ ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ನಕ್ಕೆ. ಅಕ್ಷರಗಳು ನೊಣದ ಹಾಗೆ ಹಾರಿ ಬಂದು ಕೂತರೆ ಮಕ್ಕಳು ನೊಣ ನೋಡುತ್ತಾರೆಯೇ ಹೊರತು ಹೃದಯವನ್ನಲ್ಲ. ಪರದೆಯ ಮೇಲೆ ಇರುವುದನ್ನೇ ನೀನು ಓದುತ್ತೀಯಲ್ಲವೇ? ಹೌದು ಅನ್ನು, ನನ್ನೆದುರು ಸುಳ್ಳು ಬೇಡ. ಕಣ್ಣು ಓದುವಾಗ ಕಿವಿ ಮುಚ್ಚಿಕೊಳ್ಳುತ್ತದೆ, ಮಗು. ಮಕ್ಕಳು ನಿನಗಿಂತ ಬೇಗ ಓದಿ ಮುಗಿಸಿ ನಿನ್ನ ಬಾಯಿ ಯಾವಾಗ ನಿಲ್ಲುತ್ತದೆಂದು ಕಾಯುತ್ತಾರೆ. ಅದನ್ನು ನೀನು ಶಿಸ್ತು ಅಂದುಕೊಂಡಿದ್ದೀಯ. ನನ್ನ ಕ್ಲಾಸಿನಲ್ಲಿ ಗಲಾಟೆ ಇತ್ತು, ನೆನಪಿದೆಯೇ? ನೀನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಹೀಗೆ ಮಾಡು. ಒಂದು ಸಲಕ್ಕೆ ಒಂದೇ ಚಿತ್ರ, ಅದರಲ್ಲಿ ಒಂದೇ ಸಂಗತಿ. ಪದಗಳು ನಾಲ್ಕಕ್ಕಿಂತ ಹೆಚ್ಚು ಬೇಡ, ಕೊನೆಯ ಬೆಂಚಿಗೂ ಕಾಣಬೇಕು. ಚಿತ್ರ ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಇಪ್ಪತ್ತು ಎಣಿಸು. ಪ್ರಶ್ನೆ ಕೇಳುವಾಗ ಚಿತ್ರ ಮುಚ್ಚಿಬಿಡು, ಆಗ ಅವರು ನಿನ್ನ ಮುಖ ನೋಡುತ್ತಾರೆ. ನಾನು ನನ್ನ ಮದುವೆಯ ಹಾಸುಬಟ್ಟೆಯನ್ನೇ ಚಿತ್ರದ ಮೇಲೆ ಹೊದಿಸಿ ಒಂದೊಂದೇ ಮೂಲೆ ಎತ್ತುತ್ತಿದ್ದೆ. ನಿನ್ನ ಯಂತ್ರದಲ್ಲೂ ಅಂಥದ್ದೊಂದು ಗುಂಡಿ ಇದ್ದೇ ಇರಬೇಕು, ಹುಡುಕು.

ಅಸ್ಥಿಪಂಜರದ ಬೀರುವಿನ ಹಿಂದೆ ಬಟ್ಟೆಗೆ ಅಂಟಿಸಿದ ನನ್ನ ಇಪ್ಪತ್ತೆರಡು ಚಿತ್ರಪಟಗಳಿವೆ, ಸುರುಳಿ ಸುತ್ತಿಟ್ಟಿದ್ದೇನೆ. ತೆಗೆದು ಬಳಸು. ಚೆನ್ನಾಗಿ ನೋಡಿದರೆ ಅವುಗಳಲ್ಲಿ ಒಂದು ತಮಾಷೆ ಕಾಣುತ್ತದೆ. ನಾನಾಗಿ ಹೇಳುವುದಿಲ್ಲ, ನೀನೇ ಕಂಡುಹಿಡಿದು ಬರೆ.

ತಪಾಸಣೆಗೆ ಹೆದರಬೇಡ. ಕೈ ಎತ್ತುವ ಉಪಾಯ ಹೇಳಿಕೊಟ್ಟಿದ್ದೇನಲ್ಲ, ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಎಲ್ಲರೂ ಎತ್ತುತ್ತಾರೆ, ನೀನು ಬಲಗೈಯವರನ್ನು ಮಾತ್ರ ಕರೆಯುತ್ತೀಯ. ಇಡೀ ಜಿಲ್ಲೆ ಅದರ ಮೇಲೆಯೇ ದರ್ಜೆ ತೆಗೆದುಕೊಂಡಿದೆ.

ನಿನ್ನ,
ಆಗ್ಲಾಯಾ ಮಿಹ್ಲಾಕೆ


ಕ್ರಿಂಗುರೆನಿ
18 ಜನವರಿ 2014

ಪ್ರೀತಿಯ ಆಗ್ಲಾಯಾ ಮೇಡಂ,

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸಿ. ಕ್ರಿಸ್‌ಮಸ್‌ಗೆ ಕಳಿಸಿದ ಕೊಜೊನಾಕ್ ಸಿಹಿರೊಟ್ಟಿ ಒಣಗದೆ ತಲುಪಿತೇ? ಈ ಸಲ ಅಕ್ರೋಟು ಜಾಸ್ತಿ ಹಾಕಿದ್ದೆ.

ನಿಮ್ಮ ಮಾತು ಕೇಳಿ ಸ್ಲೈಡುಗಳನ್ನು ಹನ್ನೆರಡಕ್ಕೆ ಇಳಿಸಿದೆ. ಚಪ್ಪಾಳೆಯ ಸದ್ದು ತೆಗೆದೆ, ಅಕ್ಷರಗಳ ಹಾರಾಟ ನಿಲ್ಲಿಸಿದೆ. ಪರದೆಯನ್ನು ಕಪ್ಪಗಾಗಿಸುವ ಗುಂಡಿಯೂ ಸಿಕ್ಕಿತು. ಡಿಸೆಂಬರಿನಲ್ಲಿ ಜಿಲ್ಲೆಯ ಶಿಕ್ಷಕರ ಸಭೆಯಲ್ಲಿ ಅವನ್ನು ತೋರಿಸಿದೆ. ಝಂಫಿರಾಕೆ ಮೇಡಂ ಎದ್ದು ನಿಂತು, "ನೋಡ್ರಿ, ಇದಕ್ಕೆ ಅನ್ನೋದು ಸ್ಲೈಡು ಅಂತ. ನೀವೆಲ್ಲ ಮಾಡೋದು ಟೆಲಿಫೋನ್ ಡೈರೆಕ್ಟರಿ" ಎಂದರು. ಸಭೆಯೆಲ್ಲ ನಕ್ಕಿತು. ಆಮೇಲೆ ಅವರು ಅವನ್ನು ಜಿಲ್ಲೆಯ ಹದಿನಾಲ್ಕು ಶಾಲೆಗಳಿಗೆ ಮಾದರಿ ಪಾಠವೆಂದು ಕಳಿಸಿದರಂತೆ. ನಿಮಗೆ ಸಂತೋಷವಾಗುತ್ತದೆ ಅಂದುಕೊಂಡು ತಿಳಿಸುತ್ತಿದ್ದೇನೆ.

ನಿಮ್ಮ ಚಿತ್ರಪಟಗಳ ವಿಷಯ. ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ. ಬೇಸಿಗೆಯಲ್ಲಿ ಬೀರುವಿನ ಹಿಂದಿನ ಗೋಡೆಗೆ ನೀರಿಳಿದು ಎಲ್ಲ ಬೂಷ್ಟು ಹಿಡಿದಿತ್ತಂತೆ. ಡೈರೆಕ್ಟರ್ ನನಗೆ ತಿಳಿಸದೆ ಎಸೆಸಿಬಿಟ್ಟಿದ್ದಾರೆ. ನನ್ನ ಸ್ಲೈಡಿನ ಚಿತ್ರಗಳನ್ನು ಅಲ್ಲಿ ಇಲ್ಲಿ, ಅಂತರ್ಜಾಲದಲ್ಲಿ ಹುಡುಕಿ ಹಾಕಿಕೊಂಡೆ. ನೀವು ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಮಂಡಿವರೆಗೆ ಹಿಮ ಬಿದ್ದಿದೆ.

ಸ್ಮರಂದಾ


ಪಾದುವಾ
2 ಫೆಬ್ರವರಿ 2014

ಸ್ಮರಂದಾ ಮರಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲು ನಿನ್ನ ಗೆಲುವಿಗೆ ಹಿಗ್ಗಿದೆ. ಝಂಫಿರಾಕೆಯ ಬಾಯಲ್ಲಿ ಹೊಗಳಿಕೆ ಬರುವುದು ಸುಲಭವಲ್ಲ. ನನ್ನ ತಪಾಸಣೆಯಲ್ಲಿ ಅವಳು ನನ್ನ ಹಲಗೆ ಒರೆಸುವ ಬಟ್ಟೆಯನ್ನೂ ಬಿಟ್ಟಿರಲಿಲ್ಲ.

ಚಿತ್ರಪಟಗಳಿಗಾಗಿ ಅತ್ತೆ. ಸುಮ್ಮನೆ ಹೇಳುವುದೇಕೆ, ಚೆನ್ನಾಗಿಯೇ ಅತ್ತೆ. ಹೃದಯದ ಪಟ ಬರೆದದ್ದು 1987ರ ಚಳಿಗಾಲದಲ್ಲಿ. ಆಗ ದಿನಕ್ಕೆ ನಾಲ್ಕು ಗಂಟೆ ಕರೆಂಟು. ಒಲೆಯ ಮುಂದೆ ಕೈಗವಸು ಹಾಕಿಕೊಂಡೇ ಬಣ್ಣ ಹಚ್ಚಿದ್ದೆ. ನನ್ನ ಗಂಡ ಬದುಕಿದ್ದ, ಬ್ರಷ್ಷು ತೊಳೆದುಕೊಡುತ್ತಿದ್ದ. ಹೋಗಲಿ ಬಿಡು, ಬಟ್ಟೆಯಷ್ಟೇ ತಾನೇ.

ಈಗ ತಮಾಷೆ ಏನೆಂದು ಹೇಳಿಬಿಡುತ್ತೇನೆ, ನೀನು ಕಂಡುಹಿಡಿಯಲು ಇನ್ನೇನೂ ಉಳಿದಿಲ್ಲವಲ್ಲ. ಇಪ್ಪತ್ತೆರಡು ಪಟದಲ್ಲೂ ಒಂದೊಂದು ತಪ್ಪನ್ನು ಬೇಕೆಂದೇ ಬರೆದಿದ್ದೆ. ಜೇಡಕ್ಕೆ ಆರು ಕಾಲು. ಕಪ್ಪೆಗೆ ಇಲ್ಲದ ಪಕ್ಕೆಲುಬು. ಹೃದಯದ ಪಟದಲ್ಲಿ, ಶ್ವಾಸಕೋಶದಿಂದ ಶುದ್ಧ ರಕ್ತ ಹೊತ್ತು ತರುವ ನಾಳಕ್ಕೆ ಕೆಂಪಿನ ಬದಲು ನೀಲಿ ಬಳಿದಿದ್ದೆ. ಹೃದಯಕ್ಕೆ ಬರುವ ನಾಳಗಳೆಲ್ಲ ನೀಲಿ ಎಂದು ಕಣ್ಣು ಒಗ್ಗಿಹೋಗಿರುತ್ತದೆ, ದೊಡ್ಡವರಿಗೂ ತಟ್ಟನೆ ಹೊಳೆಯುವುದಿಲ್ಲ. ತಪ್ಪು ಹುಡುಕುವುದೇ ಮಕ್ಕಳ ಕೆಲಸ. ಅದಕ್ಕೇ ನನ್ನ ಕ್ಲಾಸಿನಲ್ಲಿ ಆ ಗಲಾಟೆ. ಸಿಕ್ಕಿದ ಮೇಲೆ, ಹುಡುಕಿದ ಮಗುವಿನ ಕೈಯಲ್ಲೇ ಸರಿಯಾದ ಬಣ್ಣದ ಬಟ್ಟೆಯ ತೇಪೆಯನ್ನು ಗುಂಡುಪಿನ್ನಿನಿಂದ ಚುಚ್ಚಿಸುತ್ತಿದ್ದೆ.

ತೇಪೆಗಳ ಲಕೋಟೆಯನ್ನು ಊರು ಬಿಡುವಾಗ ಯಾಕೋ ಪೆಟ್ಟಿಗೆಗೆ ಹಾಕಿಕೊಂಡು ಬಂದೆ. ಅದಕ್ಕೇ ಪಟಗಳು ಹಾಳಾದದ್ದೇ ಒಳ್ಳೆಯದಾಯಿತೇನೋ ಅನ್ನಿಸುತ್ತದೆ. ತೇಪೆ ಇಲ್ಲದೆ, ವಿಷಯ ಗೊತ್ತಿಲ್ಲದವರು ಯಾರಾದರೂ ನೇತುಹಾಕಿದ್ದರೆ ಮಕ್ಕಳು ತಪ್ಪನ್ನೇ ಕಲಿಯುತ್ತಿದ್ದರು. ಅಂಥ ಪಾಪ ನನ್ನ ತಲೆಗೆ ಬರಲಿಲ್ಲ.

ಬೇಗ ಬರೆ.

ಆಗ್ಲಾಯಾ


ಪಾದುವಾ
30 ಮಾರ್ಚ್ 2014

ಸ್ಮರಂದಾ,

ಎಂಟು ವಾರವಾಯಿತು. ಪ್ರತಿ ಭಾನುವಾರ ಪಾರ್ಕಿಗೆ ಹೋಗಿ ಪಿಂತಿಲಿಯೆಯನ್ನು ಕೇಳುತ್ತೇನೆ. "ನಿಮ್ಮ ಹೆಸರಿಗೆ ಏನೂ ಇಲ್ಲ ಮೇಷ್ಟ್ರಮ್ಮ" ಅನ್ನುತ್ತಾನೆ. ಹೋದ ವಾರ ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಿನಗೆ ಹುಷಾರಿಲ್ಲವೇ? ಅಥವಾ ಯಾರಾದರೂ ನಿನಗೇನಾದರೂ ಹೇಳಿದರೇ?

ಆಗ್ಲಾಯಾ


ಪಾದುವಾ
27 ಏಪ್ರಿಲ್ 2014

ಸ್ಮರಂದಾ,

ಈಸ್ಟರ್ ಮುಗಿದು ವಾರವಾಯಿತು. ನಿನ್ನಿಂದ ಹಬ್ಬಕ್ಕೆ ಬಣ್ಣ ಹಾಕಿದ ಒಂದು ಕೆಂಪು ಮೊಟ್ಟೆಯೂ ಬರಲಿಲ್ಲ. ಈ ಮೂರು ವರ್ಷದಲ್ಲಿ ಇದೇ ಮೊದಲು. ಕಾರಣ ನನಗೆ ಅರ್ಥವಾಗಿದೆ. ಪಿಂತಿಲಿಯೆಗೆ ನಾನು ಯಾವ ಮನೆಯಲ್ಲಿದ್ದೇನೆಂದು ಗೊತ್ತು, ವ್ಯಾನು ಕ್ರಿಂಗುರೆನಿಗೆ ವಾರವಾರ ಬರುತ್ತದೆ. ಅವನ ಬಾಯಿಂದ ಕೇಳಿದ್ದನ್ನು ಈಗ ನನ್ನ ಬಾಯಿಂದಲೂ ಕೇಳಿಬಿಡು.

ಇಲ್ಲಿ ನೋಟರಿ ಇಲ್ಲ, ಮೊಮ್ಮಕ್ಕಳಿಲ್ಲ, ಪಾಠವಿಲ್ಲ. ತೊಂಬತ್ತೊಂದು ವರ್ಷದ ಸಿನ್ಯೋರ್ ಒಟ್ಟೋರಿನೋ ಎಂಬ ಮುದುಕರಿದ್ದಾರೆ. ಅವರನ್ನು ಎಬ್ಬಿಸುತ್ತೇನೆ, ತೊಳೆಯುತ್ತೇನೆ, ಸೂಪು ಕುಡಿಸುತ್ತೇನೆ, ಒದ್ದೆಯಾದ ಹಾಸುಬಟ್ಟೆ ಎಳೆದು ಒಣಗಿದ್ದು ಹಾಸುತ್ತೇನೆ. ಊರಿನ ಅರ್ಧದಷ್ಟು ಹೆಂಗಸರು ಇದೇ ಕೆಲಸ ಮಾಡುತ್ತಾರೆ, ಅವರಿಗಿಲ್ಲದ ನಾಚಿಕೆ ನನಗೇಕೆ ಎಂದು ಕೇಳಬಹುದು. ನನಗೆ ಇದೆ. ಅವರನ್ನು ಊರಲ್ಲಿ ಯಾರೂ ಮೇಷ್ಟ್ರಮ್ಮ ಎಂದು ಕರೆಯುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅವರಿಗೆ ಎದೆನೋವು ಬಂತು. ಡಾಕ್ಟರು ಎಳೆ ವಯಸ್ಸಿನವರು, ಒಳ್ಳೆಯವರು. ನನ್ನನ್ನು ಅಡುಗೆಮನೆಗೆ ಕರೆದು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, "ನೋಡಮ್ಮ, ನಮ್ಮೆಲ್ಲರ ಎದೇಲಿ ಹೃದಯ ಅಂತ ಒಂದು ಇರುತ್ತೆ. ಅದಕ್ಕೆ ನಾಲ್ಕು ಕೋಣೆ" ಎಂದರು. ಕಾಗದದ ಮೇಲೆ ಬರೆದೂ ತೋರಿಸಿದರು, ವಕ್ರವಾಗಿ. ನಾನು "ಹೌದಾ ಡಾಕ್ಟ್ರೇ" ಅಂದೆ. ಅಷ್ಟೇ ಅಂದೆ. ಒಲೆಯ ಮೇಲಿನ ಸೂಪು ಕದಡುತ್ತಾ ನಿಂತೆ.

ನಿನಗೆ ನನ್ನ ಮೇಲಿದ್ದ ಗೌರವ ಹೋಗಿದ್ದರೆ ಅದು ನನ್ನದೇ ತಪ್ಪು. ತಪಾಸಣೆ ಹತ್ತಿರ ಬಂತು. ಅದಕ್ಕೆ ಶುಭವಾಗಲಿ. ಇದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ಆಗ್ಲಾಯಾ


ಕ್ರಿಂಗುರೆನಿ
17 ಮೇ 2014

ಆಗ್ಲಾಯಾ ಮೇಡಂ,

ಪಿಂತಿಲಿಯೆ ನನಗೆ ಏನೂ ಹೇಳಿಲ್ಲ. ನಿಮ್ಮ ಪತ್ರ ಓದುವವರೆಗೂ ನೀವು ನೋಟರಿಯ ಮನೆಯಲ್ಲೇ ಇದ್ದೀರೆಂದು ನಂಬಿದ್ದೆ. ನಾನು ಬರೆಯದಿದ್ದುದು ನಿಮ್ಮ ನಾಚಿಕೆಗಲ್ಲ, ನನ್ನದಕ್ಕೆ. ನಿಮಗೆ ಎಲ್ಲ ಗೊತ್ತಾಗಿಹೋಗಿದೆ, ಅದಕ್ಕೇ ನಿಮ್ಮ ಪತ್ರಗಳು ಚಿಕ್ಕವಾಗುತ್ತಿವೆ ಎಂದುಕೊಂಡಿದ್ದೆ. ಆ ಹೆದರಿಕೆಗೆ ಏಪ್ರಿಲ್ ಪತ್ರವನ್ನು ಹತ್ತು ದಿನ ಒಡೆಯದೆ ಇಟ್ಟುಕೊಂಡಿದ್ದೆ.

ಚಿತ್ರಪಟಗಳಿಗೆ ನೀರು ತಾಗಿಲ್ಲ. ಯಾರೂ ಎಸೆದಿಲ್ಲ. ಇಪ್ಪತ್ತೆರಡೂ ನನ್ನ ಮಂಚದ ಕೆಳಗೆ ಕಂಬಳಿಯಲ್ಲಿ ಸುತ್ತಿಕೊಂಡು ಬಿದ್ದಿವೆ. ನವೆಂಬರಿನಲ್ಲಿ ಅವನ್ನು ಬಿಡಿಸಿ ಫೋಟೋ ತೆಗೆದೆ. ಫೋಟೋದ ಮೂಲೆಯಲ್ಲಿ 'ಆ. ಮಿಹ್ಲಾಕೆ, 1987' ಎಂದು ನೀವು ಬರೆದ ಜಾಗವನ್ನು ಕತ್ತರಿಸಿ, ಅಲ್ಲಿ ನನ್ನ ಹೆಸರನ್ನು ಚಿನ್ನದ ಬಣ್ಣದಲ್ಲಿ ಹಾಕಿದೆ. ಝಂಫಿರಾಕೆ ಮೇಡಂ ಹೊಗಳಿದ್ದು ನಿಮ್ಮ ಚಿತ್ರಗಳನ್ನು. "ಎಲ್ಲಿ ಸಿಕ್ತಮ್ಮ ಇಂಥ ಚಿತ್ರ?" ಎಂದು ಅವರು ಕೇಳಿದಾಗ "ನಾನೇ ಬರೆದೆ ಮೇಡಂ" ಅಂದೆ. ಎರಡು ಪದ ಹೆಚ್ಚು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಆಮೇಲೆ ಪಟಗಳನ್ನು ಯಾರಾದರೂ ನೋಡಿಯಾರೆಂದು ಮನೆಗೆ ಹೊತ್ತುಕೊಂಡು ಬಂದೆ.

ಆ ಹೃದಯದ ಚಿತ್ರವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಅಂದ ನೋಡಿದೆನೇ ಹೊರತು ಓದಲಿಲ್ಲ. ಜೀವಶಾಸ್ತ್ರದ ಪದವಿ ಇರುವವಳು ನಾನು. ಸಭೆಯಲ್ಲಿದ್ದ ನಲವತ್ತು ಜನ ಶಿಕ್ಷಕರೂ ಓದಲಿಲ್ಲ. ಅದು ಪರದೆಯ ಮೇಲೆ ಇದ್ದದ್ದು ಹನ್ನೊಂದು ಸೆಕೆಂಡು.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನನ್ನ ಏಳನೇ ತರಗತಿಯಲ್ಲಿ ಕಾಟಿಂಕಾ ಎಂಬ ಹುಡುಗಿ ಇದ್ದಾಳೆ, ಕಿಟಕಿ ಪಕ್ಕ ಕೂರುತ್ತಾಳೆ, ಮಾತು ಕಡಿಮೆ. ಜನವರಿಯ ಪರೀಕ್ಷೆಯಲ್ಲಿ ಹೃದಯ ಬರೆದು ಬಣ್ಣ ಹಚ್ಚಲು ಹೇಳಿದ್ದೆ. ಅವಳು ಆ ನಾಳಕ್ಕೆ ಮೊದಲು ಕೆಂಪು ಹಚ್ಚಿ, ಅಳಿಸಿ, ಮತ್ತೆ ಕೆಂಪೇ ಹಚ್ಚಿದ್ದಳು. ನನ್ನ ಸ್ಲೈಡಿನ ಪಕ್ಕ ಹಿಡಿದು ನೋಡಿ, ಬೇರೆ ಇದೆಯೆಂದು ಗೀಟು ಎಳೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಫೇಲು. ಫೆಬ್ರವರಿಯಲ್ಲಿ ನಿಮ್ಮ ಪತ್ರ ಬಂತು. ಅದೇ ದಿನ ಸ್ಲೈಡಿನ ಬಣ್ಣ ಬದಲಾಯಿಸಿದೆ, ಯಾರಿಗೂ ಹೇಳದೆ. ಅವಳ ಅಂಕ ಬದಲಾಯಿಸಲಿಲ್ಲ. ಬದಲಾಯಿಸಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹದಿನಾಲ್ಕು ಶಾಲೆಗಳಿಗೂ ಬರೆಯಲಿಲ್ಲ. ತಪಾಸಣೆ ಒಂದು ಮುಗಿಯಲಿ, ಆಮೇಲೆ ಬರೆಯೋಣ ಎಂದುಕೊಳ್ಳುತ್ತಾ ಮೂರು ತಿಂಗಳು ಕಳೆದೆ.

ತಪಾಸಣೆ ನಡೆದದ್ದು ಮೊನ್ನೆ ಮಂಗಳವಾರ. ಮಕ್ಕಳಿಗೆ ಎರಡು ವಾರ ತಾಲೀಮು ಕೊಟ್ಟಿದ್ದೆ, ಬಲಗೈ ಎಡಗೈ ಎಲ್ಲ. ಪಕ್ಕದ ಕೋಣೆಯಲ್ಲಿ ಮೇಜಿನ ಮೇಲೆ ಎಲೆಕೋಸಿನ ಎಲೆಯಲ್ಲಿ ಮಾಂಸ ತುಂಬಿ ನಾನೇ ಸುತ್ತಿದ ಸರ್ಮಾಲೆ, ಕೇಕು, ಕಾಫಿ ಸಿದ್ಧವಿತ್ತು. ನಿಮ್ಮ ಏಪ್ರಿಲ್ ಪತ್ರವನ್ನು ಹಿಂದಿನ ದಿನ ಒಡೆದು ಓದಿದ್ದೆ. ಅದು ನನ್ನ ಕೋಟಿನ ಜೇಬಿನಲ್ಲಿತ್ತು. ನನ್ನ ಪೆನ್‌ಡ್ರೈವ್ ಚುಚ್ಚಲು ಹೋದಾಗ ಝಂಫಿರಾಕೆ ಮೇಡಂ, "ಇರ್ಲಿ ಬಿಡಮ್ಮ, ನನ್ನ ಹತ್ರಾನೇ ಇದೆ ನಿನ್ನ ಪಾಠ. ಹದಿನಾಲ್ಕು ಶಾಲೆಗೆ ಹಂಚಿದ್ದು ಇದನ್ನೇ" ಎಂದು ತಮ್ಮದನ್ನೇ ಚುಚ್ಚಿದರು. ಹಳೆಯದು. ನೀಲಿ ನಾಳದ್ದು.

ಐದನೇ ಸ್ಲೈಡಿಗೆ ಹೃದಯ ಬಂತು. ನನ್ನ ಹೆಸರು ಮೂಲೆಯಲ್ಲಿ ಹೊಳೆಯುತ್ತಿತ್ತು. ಹನ್ನೊಂದು ಸೆಕೆಂಡಿನಲ್ಲಿ ಮುಂದಕ್ಕೆ ಹೋಗಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. "ಈ ಚಿತ್ರದಲ್ಲಿ ಏನೇನು ಕಾಣುತ್ತೆ, ಯಾರು ಹೇಳ್ತೀರಿ?" ಎಂದು ತಾಲೀಮಿನ ಪ್ರಶ್ನೆಯನ್ನೇ ಕೇಳಿದೆ. ಇಪ್ಪತ್ತಾರು ಕೈ ಮೇಲೆದ್ದವು. ಇಪ್ಪತ್ತೈದು ಬಲಗೈ. ಕಿಟಕಿಯ ಪಕ್ಕ ಒಂದು ಎಡಗೈ.

ನಿಮ್ಮ ಪತ್ರದ "ಹೌದಾ ಡಾಕ್ಟ್ರೇ" ನೆನಪಾಯಿತು. "ಕಾಟಿಂಕಾ, ನೀನು ಹೇಳು" ಎಂದೆ.

ಕ್ಲಾಸು ಬೆಚ್ಚಿತು. ಅವಳು ತನ್ನ ಕೈಯನ್ನೇ ನೋಡಿಕೊಂಡಳು. "ಮಿಸ್, ನಾನು ಎತ್ತಿದ್ದು ಎಡಗೈ" ಎಂದಳು. ಮೆಲ್ಲಗೇ ಹೇಳಿದಳು, ಆದರೆ ಹಿಂದಿನ ಬೆಂಚಿಗೆ ಕೇಳಿಸಿತು. ಡೈರೆಕ್ಟರ್ ತುದೋಸೆ ಕೆಮ್ಮಿದರು.

"ಗೊತ್ತು. ಆದ್ರೂ ಹೇಳು" ಎಂದೆ.

"ನಂಗೆ ಗೊತ್ತಿಲ್ಲ ಮಿಸ್. ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿದ್ಮೇಲೆ ರಕ್ತ ಕೆಂಪಾಗುತ್ತೆ ಅಂತ ನೀವು ಹೇಳಿದ್ರಿ. ಅಲ್ಲಿಂದ ಬರೋ ನಾಳ ಇಲ್ಲಿ ನೀಲಿ ಇದೆ. ನೀವು ಮಧ್ಯದಲ್ಲಿ ಕೆಂಪು ತೋರ್ಸಿದ್ರಿ, ಇವತ್ತು ಮತ್ತೆ ನೀಲಿ. ಜನವರಿಯಿಂದ ಯೋಚ್ನೆ ಮಾಡ್ತಾನೇ ಇದೀನಿ, ತಲೆಗೆ ಹತ್ತಲ್ಲ. ಎಲ್ರಿಗೂ ಅರ್ಥ ಆಗಿದೆ, ನಾನೊಬ್ಳೇ ದಡ್ಡಿ ಅಂದ್ಕೊಂಡೆ. ಅದಕ್ಕೇ ಎಡಗೈ."

ಮೇಡಂ, ಆ ಮಗು ನನ್ನ ಮೇಲೆ ದೂರು ಹೇಳುತ್ತಿರಲಿಲ್ಲ. ಕ್ಷಮೆ ಕೇಳುತ್ತಿತ್ತು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪರದೆ ಕಪ್ಪಗಾಗಿಸುವ ಗುಂಡಿ ಒತ್ತಿದೆ. ಎಲ್ಲರೂ ನನ್ನ ಮುಖ ನೋಡಿದರು, ನೀವು ಹೇಳಿದ ಹಾಗೆಯೇ. "ಕಾಟಿಂಕಾ ಹೇಳಿದ್ದು ಸರಿ, ಚಿತ್ರ ತಪ್ಪು. ಇದನ್ನ ಬರೆದೋರು ಮಿಹ್ಲಾಕೆ ಮೇಡಂ. ನೀವು ಹುಡುಕ್ಲಿ ಅಂತ ಅವರು ಬೇಕೂಂತಲೇ ತಪ್ಪು ಇಟ್ಟಿದ್ರು. ನಾನು ಅವರ ಹೆಸರು ಕತ್ತರಿಸಿ, ನೋಡದೇ ತೋರಿಸ್ದೆ. ಗೊತ್ತಾದ್ಮೇಲೂ ಸುಮ್ನಿದ್ದೆ. ಕಾಟಿಂಕಾಗೆ ನಾನು ಕೊಟ್ಟ ನಾಲ್ಕು ತಪ್ಪು" ಎಂದೆ.

ಕಾಟಿಂಕಾ ಇನ್ನೂ ನಿಂತೇ ಇದ್ದಳು. "ಹಾಗಾದ್ರೆ ನಾನು ಬಲಗೈ ಎತ್ತಬಹುದಿತ್ತಾ ಮಿಸ್?" ಎಂದು ಕೇಳಿದಳು. ಹೌದು ಎಂದೆ.

ಪಕ್ಕದ ಕೋಣೆಯಲ್ಲಿ ಯಾರೂ ತಟ್ಟೆ ಮುಟ್ಟಲಿಲ್ಲ. ಡೈರೆಕ್ಟರ್ ಒಬ್ಬರೇ, "ತಗೊಳ್ಳಿ, ತಣ್ಣಗಾಗ್ತಾವೆ" ಅನ್ನುತ್ತಿದ್ದರು. ಝಂಫಿರಾಕೆ ಮೇಡಂ ಚೀಲದ ಹಿಡಿಕೆ ತಿರುವುತ್ತಾ, "ನಾನೂ ನೋಡ್ಲಿಲ್ವಲ್ಲಮ್ಮ. ಹದಿನಾಲ್ಕು ಶಾಲೆಗೆ ನನ್ನ ಸಹಿ ಹಾಕಿ ಕಳಿಸ್ದೆ" ಎಂದರು. ದರ್ಜೆ ಈ ವರ್ಷ ಇಲ್ಲ, ಮುಂದಿನ ಮೇ ತಿಂಗಳಿಗೆ ಮತ್ತೆ ಅರ್ಜಿ ಹಾಕು ಅಂದರು. ಶಿಕ್ಷಕರ ಕೋಣೆಯಲ್ಲಿ ನಾನು ಒಳಗೆ ಹೋದರೆ ಈಗ ಮಾತು ನಿಲ್ಲುತ್ತದೆ. ನಿಲ್ಲಲಿ.

ಹದಿನಾಲ್ಕು ಶಾಲೆಗಳಿಗೂ ಕೈಯಾರೆ ಪತ್ರ ಬರೆದು ಹಾಕಿದ್ದೇನೆ. ಕಾಟಿಂಕಾಳ ಅಂಕ ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಮಂಚದ ಕೆಳಗಿನ ಪಟಗಳನ್ನು ಸೋಮವಾರ ಪ್ರಯೋಗಾಲಯಕ್ಕೆ ವಾಪಸು ಒಯ್ಯುತ್ತೇನೆ. ನಿಮ್ಮಿಂದ ಕ್ಷಮೆ ಕೇಳಲು ನನಗೆ ಮುಖವಿಲ್ಲ. ನೀವು ಮಾಡುವ ಕೆಲಸ ತಿಳಿದು ನನಗೆ ಬೇಜಾರಾದದ್ದು ಒಂದಕ್ಕೇ. ಡಾಕ್ಟರು ವಕ್ರವಾಗಿ ಬರೆದ ಚಿತ್ರವನ್ನು ನೀವು ತಿದ್ದಬೇಕಿತ್ತು.

ಸ್ಮರಂದಾ


ಪಾದುವಾ
1 ಜೂನ್ 2014

ಸ್ಮರಂದಾ,

ನಿನ್ನ ಪತ್ರ ಓದಿ ಒಂದು ವಾರ ಸಿಟ್ಟಿನಲ್ಲೇ ಇದ್ದೆ. ಸಿನ್ಯೋರ್ ಒಟ್ಟೋರಿನೋ ಎರಡು ಸಲ, "ಯಾಕಮ್ಮ ಪಾತ್ರೆ ಕುಕ್ತೀಯ?" ಎಂದು ಕೇಳಿದರು. ಸತ್ತವೆಂದು ಅತ್ತ ಪಟಗಳು ನಿನ್ನ ಮಂಚದ ಕೆಳಗೆ ಇದ್ದವು. ಅದನ್ನು ಇನ್ನೂ ನುಂಗಿಕೊಳ್ಳಲು ಆಗಿಲ್ಲ. ನನ್ನ ಗಂಡ ಬ್ರಷ್ಷು ತೊಳೆದುಕೊಟ್ಟ ಪಟ ಅದು, ಅದರ ಮೇಲೆ ನಿನ್ನ ಹೆಸರು. ಎದುರಿಗೆ ಸಿಕ್ಕಾಗ ಮೊದಲು ಬೈದುಬಿಡುತ್ತೇನೆ, ತಯಾರಾಗಿರು.

ಆದರೆ ಆ ಹುಡುಗಿಯ ನಾಲ್ಕರಲ್ಲಿ ನನ್ನ ಪಾಲೂ ಇದೆ. ಪಟದಲ್ಲಿ ತಪ್ಪಿದೆಯೆಂದು ಅಕ್ಟೋಬರಿನಲ್ಲೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ, ತಮಾಷೆ ಅಂದೆ. ಮೇಷ್ಟ್ರಮ್ಮನಿಗೆ ಜಂಬ. ಕೈ ಎತ್ತುವ ಆಟ ಕಲಿಸಿದವಳೂ ನಾನೇ. ಆ ಆಟದಲ್ಲಿ ಎಷ್ಟು ವರ್ಷ, ಎಷ್ಟು ಮಕ್ಕಳ ಎಡಗೈ ನೋಡಿಯೂ ನೋಡದ ಹಾಗೆ ಇದ್ದೆನೆಂದು ಈ ವಾರ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಒಬ್ಬರನ್ನೂ ಕೂರಿಸಿ ಕೇಳಲಿಲ್ಲ. ನೀನು ಒಬ್ಬಳನ್ನಾದರೂ ಕರೆದೆ.

ಡಾಕ್ಟರು ಗುರುವಾರ ಮತ್ತೆ ಬಂದಿದ್ದರು. ಅವರ ಪೆನ್ನು ಕೇಳಿ ತೆಗೆದುಕೊಂಡು, ಅವರ ಕಾಗದದ ಮೇಲೆಯೇ ಹೃದಯ ಬರೆದೆ. ಗೆರೆ ನೇರವಾಗಿಯೇ ಬಂತು. ಅವರು ಕಾಗದ ಎತ್ತಿ ನೋಡಿ, "ಎಲ್ಲಿ ಕಲಿತಿದ್ದು ನೀವು?" ಎಂದರು. ಹೇಳಿದೆ. ಕೆಂಪಗಾದರು, ಪಾಪ.

ಸಿನ್ಯೋರನ್ನು ಅವರ ಮಗಳು ಎರಡು ವಾರ ಸಮುದ್ರತೀರಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ. ನಾನು ಪಿಂತಿಲಿಯೆಯ ವ್ಯಾನಿನಲ್ಲಿ ಬರುತ್ತಿದ್ದೇನೆ, ಹದಿನಾರನೇ ತಾರೀಖು ಸೋಮವಾರ ಶಾಲೆಯಲ್ಲಿರುತ್ತೇನೆ. ತೇಪೆಗಳ ಲಕೋಟೆ ನನ್ನ ಕೈಚೀಲದಲ್ಲಿರುತ್ತದೆ, ಅದನ್ನು ವ್ಯಾನಿನ ಹಿಂದೆ ಹಾಕುವುದಿಲ್ಲ. ಹೃದಯದ ಪಟ ನೇತುಹಾಕಿರು. ಕೆಂಪು ತೇಪೆಯನ್ನು ಕಾಟಿಂಕಾ ಚುಚ್ಚಬೇಕು. ಮಿಕ್ಕ ಇಪ್ಪತ್ತೊಂದರ ಫೋಟೋವನ್ನೂ ನಿನ್ನ ಪರದೆಯ ಮೇಲೆ ಹಾಕು, ಒಂದೊಂದಾಗಿ, ನಿಧಾನವಾಗಿ. ನನ್ನ ಹೆಸರು ಮೂಲೆಯಲ್ಲಿರಲಿ, ಚಿನ್ನದ ಬಣ್ಣ ಬೇಡ.

ನಾನು ಝಂಫಿರಾಕೆ ಕೂತಿದ್ದ ಬೆಂಚಿನಲ್ಲಿ ಕೂರುತ್ತೇನೆ. ಮಕ್ಕಳಿಗೆ ನಾನು ಯಾರೆಂದು ಹೇಳು. ಆಮೇಲೆ, ಈ ಮೇಡಂ ಇಟಲಿಯಲ್ಲಿ ಏನು ಕೆಲಸ ಮಾಡುತ್ತಾರೆ, ಯಾರು ಹೇಳುತ್ತೀರಿ ಎಂದು ಕೇಳು. ಊರಿನ ಮಕ್ಕಳು, ಪಾಠ ಮಾಡುತ್ತಾರೆಂದು ಬಲಗೈ ಎತ್ತುತ್ತಾರೆ. ನಾನು ಎಡಗೈ ಎತ್ತುತ್ತೇನೆ. ನನ್ನನ್ನು ಕರೆ.

ಆಗ್ಲಾಯಾ